ರುಚಿ ನೋಡದ ಸೌಟಕ್ಕ

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಈ ಹೆಂಗಸಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು, ಆದರೆ ಅದು ಹಾಜರಿ ಪುಸ್ತಕಕ್ಕಷ್ಟೇ. ಉಳಿದವರಿಗೆಲ್ಲ ಅವಳು ಸೌಟಕ್ಕ. ಅಗಿಯಲಾಗದ ರೋಗಿಗಳ ಮೆತ್ತನೆ ಊಟ ಅವಳ ಪಾಲಿನ ಕೆಲಸ. ಅನ್ನ, ಬೇಳೆ, ಕ್ಯಾರೆಟ್ಟು, ಸೊಪ್ಪು, ಬೇಯಿಸಿದ ಮೊಟ್ಟೆ, ಕೊನೆಗಿಷ್ಟು ಮೊಸರು, ಎಲ್ಲವನ್ನೂ ಒಟ್ಟಿಗೆ ದೊಡ್ಡ ಮಿಕ್ಸಿಗೆ ಸುರಿದು ತಿರುವುವಳು. ಆಮೇಲೆ ಸೌಟಿನಲ್ಲಿ ಎತ್ತಿ ಹೊಯ್ದು ನೋಡುವಳು. ಧಾರೆ ಕಡಿಯದೆ ಇಳಿದರೆ ಅಡುಗೆ ಆಯಿತು. ಉಪ್ಪನ್ನು ಮೂಗಿನಲ್ಲೇ ಹಿಡಿಯುತ್ತೇನೆ ಎಂಬ ಜಂಬ ಬೇರೆ! ಒಂದು ದಿನವೂ ಒಂದು ಹನಿ ನಾಲಿಗೆಗೆ ಸೋಕಿಸಿದವಳಲ್ಲ.

ಬಟ್ಟಲುಗಳು ಅರ್ಧಕ್ಕೇ ವಾಪಸು ಬರುತ್ತಿದ್ದವು. ಬರಲಿ, ಅವಳಿಗೇನು. "ಕಾಯಿಲೆ ಬಿದ್ದವರಿಗೆ ಬಾಯಿರುಚಿ ಎಲ್ಲಿರುತ್ತೆ?" ಎಂದು ತೊಳೆಯಲು ಹಾಕುವಳು. ಅದಕ್ಕೆ ಎದುರಾಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಸೌಟಕ್ಕ ಬಾಯಿ ಬಿಟ್ಟಳೆಂದರೆ ಒಲೆಯ ಮೇಲಿನ ಕುಕ್ಕರೂ ಕೂಗುವುದನ್ನು ನಿಲ್ಲಿಸುತ್ತದೆ ಎಂದು ತರಕಾರಿ ಹೆಚ್ಚುವವರು ಗುಟ್ಟಾಗಿ ನಗುತ್ತಿದ್ದರು.

ಆ ಬಾಯಿಯ ಜೊತೆ ಮೂವತ್ತು ವರ್ಷ ಬಾಳಿದವರು ಅವಳ ಗಂಡ. ಬಸ್ ಕಂಡಕ್ಟರು. ದಿನವಿಡೀ ಜನರ ಗಲಾಟೆ ಕೇಳಿ ಬಂದವರಿಗೆ ಹೆಂಡತಿಯ ಗಲಾಟೆ ಏನು ಮಹಾ! ಆದರೆ ಒಂದು ಸಲ, ಅವಳ ತಂಗಿಯ ಮಗಳ ಮದುವೆಗೆ ಬರುತ್ತೇನೆಂದು ಹೇಳಿ ಕೊನೆಗಳಿಗೆಯಲ್ಲಿ ಡ್ಯೂಟಿಗೆ ಹೊರಟುಬಿಟ್ಟರು. ಇವಳು ಬಾಯಿಗೆ ಬಂದದ್ದೆಲ್ಲ ಅಂದಳು. ಅವರು ಮಾತು ಬಿಟ್ಟರು. ಒಂದು ದಿನ, ಎರಡು ದಿನ, ಮೂರು ದಿನ. ತಾನಾಗಿ ಮಾತಾಡಿಸಲು ಇವಳಿಗೆ ಬಿಗುಮಾನ. ನಾಲ್ಕನೆಯ ದಿನ ಬೆಳಗ್ಗೆ ಅವರು ಹಾಸಿಗೆಯಿಂದ ಏಳಲಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು.

ಐದು ತಿಂಗಳು ಮಲಗಿದ್ದರು. ನುಂಗುವುದು ಕಷ್ಟ, ಮೆತ್ತಗಿರುವುದನ್ನೇ ಕೊಡಿ ಎಂದಿದ್ದರು ಡಾಕ್ಟರು. ಮೆತ್ತನೆ ಊಟಕ್ಕೆ ಸೌಟಕ್ಕನಿಗಿಂತ ಬೇಕೆ? ಆಸ್ಪತ್ರೆಯಲ್ಲಿ ಮಾಡಿದ್ದನ್ನೇ ಮನೆಯಲ್ಲೂ ಮಾಡಿದಳು. ನಾಲ್ಕು ಚಮಚ ಒಳಗೆ ಹೋಗುವಷ್ಟರಲ್ಲಿ ಅವರ ತುಟಿ ಬಿಗಿಯುತ್ತಿತ್ತು, ಮುಖ ಗೋಡೆಗೆ ತಿರುಗುತ್ತಿತ್ತು. ಮಗಳು ಬಾಳೆಹಣ್ಣು ಕಿವುಚಿ ತಂದರೆ ಮಾತ್ರ ಬಾಯಿ ತೆರೆಯುತ್ತಿದ್ದರು. ಅದನ್ನು ನೋಡಿ ಇವಳ ಹೊಟ್ಟೆ ಉರಿಯುತ್ತಿತ್ತು. "ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಲ್ವಾ? ಮಗಳ ಕೈಯದು ಬೇಕು, ನನ್ನ ಕೈಯದು ಬೇಡ. ಹಾಗಾದ್ರೆ ಉಪವಾಸ ಬಿದ್ದಿರಿ" ಎಂದು ಬಟ್ಟಲು ಕುಕ್ಕಿ ಎದ್ದುಹೋದದ್ದೂ ಉಂಟು. ಕೊನೆಗೆ ಅವರು ತೀರಿಹೋದರು. ಮುನಿಸಿಕೊಂಡೇ ಹೋದರು ಎಂಬ ಕೊರಗು ಎರಡು ವರ್ಷ ಅವಳನ್ನು ತಿಂದುಹಾಕಿತು. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ದಿನ ಆಸ್ಪತ್ರೆಯ ಅಡುಗೆಮನೆಯ ಒದ್ದೆ ನೆಲದಲ್ಲಿ ಕಾಲು ಜಾರಿ ಸಿಂಕಿನ ಅಂಚಿಗೆ ಮುಖ ಬಡಿದು, ಕೆಳಗಿನ ಎರಡು ಮುಂದಿನ ಹಲ್ಲು ಹೋದವು. ಮಗಳು ಬಿಡದೆ ಹಲ್ಲಿನ ಡಾಕ್ಟರಲ್ಲಿಗೆ ಎಳೆದೊಯ್ದು ಇಂಪ್ಲಾಂಟ್ ಹಾಕಿಸಿದಳು. ದವಡೆಯ ಮೂಳೆಯೊಳಗೆ ಪುಟ್ಟ ತಿರುಪುಗಳನ್ನು ಕೂರಿಸಿ, ವಸಡಿಗೆ ಹೊಲಿಗೆ ಹಾಕಿದ ಡಾಕ್ಟರಮ್ಮ ಹೇಳಿದರು:

"ಮೂಳೆ ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಮೂರ್ನಾಲ್ಕು ತಿಂಗಳು ಬೇಕು. ಹಲ್ಲು ಕೂರಿಸೋದು ಆಮೇಲೆ. ನನ್ನ ಕೆಲಸ ಸದ್ಯಕ್ಕೆ ಮುಗೀತು, ಇನ್ನು ನಿಮ್ಮ ಊಟದ ಕೆಲಸ. ಮೆತ್ತಗಿರಲಿ, ಸುಡೋದು ಬೇಡ, ಖಾರ ಬೇಡ, ಸ್ಟ್ರಾ ಹಾಕಿ ಹೀರಬೇಡಿ. ಬೇಳೆ, ಮೊಟ್ಟೆ, ಹಾಲು, ಮೊಸರು ಹೊಟ್ಟೆ ತುಂಬ ತಿನ್ನಿ. ಸರಿಯಾಗಿ ತಿನ್ನದಿದ್ರೆ ಗಾಯ ಬೇಗ ಮಾಯಲ್ಲ."

"ನನಗೇ ಪಾಠ ಹೇಳ್ತೀರಲ್ಲ ಡಾಕ್ಟ್ರೇ" ಎಂದಳು ಸೌಟಕ್ಕ, ಬಾಯಲ್ಲಿ ಹತ್ತಿ ಇದ್ದ ಹಾಗೇ.

ಮನೆಗೆ ಬಂದು ತನ್ನ ಲೆಕ್ಕದಂತೆಯೇ ಎಲ್ಲವನ್ನೂ ಒಟ್ಟಿಗೆ ತಿರುವಿ, ಆರಿಸಿ, ಮೊದಲ ಚಮಚ ಬಾಯಿಗಿಟ್ಟಳು. ಅಯ್ಯೋ ದೇವರೇ! ತಣ್ಣಗೆ, ಲೋಳೆಲೋಳೆ. ಮೊಟ್ಟೆಯ ವಾಸನೆಯ ಮೇಲೆ ಸೊಪ್ಪಿನ ಒಗರು, ಅದರ ಮೇಲೆ ಮೊಸರಿನ ಹುಳಿ. ಅನ್ನ ಯಾವುದು, ಬೇಳೆ ಯಾವುದು, ಒಂದೂ ಗೊತ್ತಾಗದು. ಗಾರೆ ನುಂಗಿದ ಹಾಗೆ ಗಂಟಲಲ್ಲೇ ನಿಂತಿತು. ಮರಗಟ್ಟಿಸುವ ಇಂಜೆಕ್ಷನ್‌ನಿಂದ ಬಾಯಿ ಕೆಟ್ಟಿರಬೇಕು ಎಂದುಕೊಂಡಳು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಮಗಳು ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ಹೋದ ಕೂಡಲೇ ಬಟ್ಟಲನ್ನು ಸಿಂಕಿಗೆ ಬಗ್ಗಿಸಿ, ನೀರು ಬಿಟ್ಟು, ಬರೀ ಹಾಲು ಕುಡಿದು ಮಲಗತೊಡಗಿದಳು. ಊರಿಗೆಲ್ಲ ಉಣ್ಣಿಸಿದವಳು ಕಳ್ಳಿಯ ಹಾಗೆ ಊಟ ಚೆಲ್ಲುತ್ತಿದ್ದಳು, ನೋಡಿ.

ವಾರ ಕಳೆದು ತೋರಿಸಲು ಹೋದಾಗ ಡಾಕ್ಟರಮ್ಮನ ಮುಖ ಸಣ್ಣದಾಯಿತು. "ಗಾಯ ಕೂಡಿಲ್ಲ. ತೂಕ ಎರಡು ಕಿಲೋ ಇಳಿದಿದೆ. ತಿಂತಾ ಇಲ್ವಾ?"

"ತಿಂತಿದ್ದೀನಲ್ಲ!" ಎಂದು ಹಸಿ ಸುಳ್ಳು ಹೇಳಿದಳು.

"ಹೀಗೇ ಆದ್ರೆ ತಿರುಪು ನಿಲ್ಲದೇ ಹೋಗಬಹುದು. ಆಗ ತೆಗೀಬೇಕಾಗುತ್ತೆ."

ಅವತ್ತು ಮಗಳು ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಉಳಿದಳು. ಅಮ್ಮ ಕಲಿಸಿದ ಹಾಗೆಯೇ ಎಲ್ಲ ಒಟ್ಟಿಗೆ ತಿರುವಿ ಬಟ್ಟಲು ತುಂಬಿಕೊಂಡು ಬಂದು ಮಂಚದ ಪಕ್ಕ ಕೂತಳು. "ಬಾಯಿ ತೆಗಿ." ಒಂದು ಚಮಚ, ಎರಡು ಚಮಚ ಹೋಯಿತು. ಮೂರನೆಯದು ಹತ್ತಿರ ಬರುತ್ತಲೇ ಸೌಟಕ್ಕನ ತುಟಿ ತಾನಾಗಿ ಬಿಗಿಯಿತು, ಮುಖ ಗೋಡೆಗೆ ತಿರುಗಿತು.

"ಒಳ್ಳೆ ಅಪ್ಪನ ಥರಾನೇ ಮಾಡ್ತೀಯಲ್ಲಮ್ಮ" ಎಂದು ಮಗಳು ನಕ್ಕಳು.

ಸೌಟಕ್ಕ ನಗಲಿಲ್ಲ. ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು, "ಅಪ್ಪನಿಗೆ ನನ್ನ ಮೇಲೆ ಸಿಟ್ಟಿರಲಿಲ್ವೇನೇ?"

"ಯಾವ ಸಿಟ್ಟು?"

"ನನ್ನ ಜೊತೆ ಮಾತು ಬಿಟ್ಟಿದ್ರಲ್ಲ. ಅದಕ್ಕೇ ನನ್ನ ಕೈಲಿ ತಿಂತಿರಲಿಲ್ಲ ಅಂತ..."

ಮಗಳು ಚಮಚ ಕೆಳಗಿಟ್ಟಳು. "ಏನಮ್ಮ ನೀನು! ನೀನು ಡ್ಯೂಟಿಗೆ ಹೋದ್ರೆ ಬರೋವರೆಗೂ ಬಾಗಿಲು ನೋಡ್ತಾ ಮಲಗಿರ್ತಿದ್ರು. ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಎಡಗೈಲಿ ಹೊದಿಕೆ ಸರಿ ಮಾಡ್ಕೋತಿದ್ರು. ಸಿಟ್ಟಂತೆ! ಅವರಿಗೆ ಇದು ಸೇರ್ತಿರಲಿಲ್ಲ, ಅಷ್ಟೇ. ನಾನೂ ಒಂದು ಸಲ ಬಾಯಿಗಿಟ್ಟು ನೋಡಿದ್ದೆ."

"ನೋಡಿದ್ಯಾ? ಮತ್ತೆ ಯಾಕೇ ಹೇಳಲಿಲ್ಲ?"

ಮಗಳ ಕಣ್ಣು ತುಂಬಿತು. "ನಿನ್ನ ಅಡುಗೆ ಚೆನ್ನಾಗಿಲ್ಲ ಅಂತ ನಿನಗೆ ಹೇಳೋ ಧೈರ್ಯ ಈ ಮನೇಲಿ ಯಾರಿಗಿತ್ತಮ್ಮ?"

ಮಾತಿಲ್ಲದ ಮನುಷ್ಯ ತುಟಿ ಬಿಗಿದು ಐದು ತಿಂಗಳು ಹೇಳಿದ್ದು ಅಷ್ಟೇ ಆಗಿತ್ತು. ಆ ಅರ್ಧ ಹೊಟ್ಟೆಯ ಜೀವಕ್ಕೆ ಇವಳು ಉಪವಾಸ ಬಿದ್ದಿರಿ ಎಂದಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೊಲಿಗೆ ಜಗ್ಗಿ ನೋಯಿತು, ಆದರೂ ಅಳು ನಿಲ್ಲಲಿಲ್ಲ.

ಮಗಳು ಒಳಗೆ ಹೋಗಿ, ಒಂದೊಂದನ್ನೂ ಬೇರೆಯಾಗಿ ಬೇಯಿಸಿ, ಆರಿಸಿ, ಮೂರು ಬಟ್ಟಲು ತಂದಳು. ಒಂದರಲ್ಲಿ ಮೆತ್ತಗೆ ಬೇಯಿಸಿ ತುಪ್ಪ ಬಿಟ್ಟ ಬೇಳೆ ಅನ್ನ, ಒಂದರಲ್ಲಿ ಹಿಸುಕಿದ ಕುಂಬಳಕಾಯಿ, ಇನ್ನೊಂದರಲ್ಲಿ ಹಾಲು ಹಾಕಿ ಕಲಕಿ ಬೇಯಿಸಿದ ಮೊಟ್ಟೆ. ಯಾವುದೂ ಸುಡುತ್ತಿರಲಿಲ್ಲ, ಉಗುರುಬೆಚ್ಚಗಿತ್ತು. ಸೌಟಕ್ಕ ಅಳುತ್ತಲೇ ಬಾಯಿ ತೆರೆದಳು. ರುಚಿಯಾಗಿತ್ತು. ಅದನ್ನೇ ತಡೆಯಲಾಗಲಿಲ್ಲ ಅವಳಿಗೆ. ಇಷ್ಟು ಸುಲಭವಿತ್ತು, ಇಷ್ಟೇ ಸಾಕಾಗಿತ್ತು. ಮೂರು ಬಟ್ಟಲೂ ಖಾಲಿಯಾದ ಮೇಲೆ ಮಗಳು, "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದಳು.

"ಹಾಕು" ಎಂದಳು ಸೌಟಕ್ಕ. "ನಿಮ್ಮಪ್ಪನ್ನ ಒಂದು ದಿನವೂ ಹಾಗೆ ಕೇಳಲಿಲ್ಲ ಕಣೇ ನಾನು."