ಎಡಗಾಲಿನ ಅಟ್ಟೆ

ಕ್ರೀಡಾಂಗಣದ ಹಿಂದಿನ ಓಣಿಯಲ್ಲಿ ನನ್ನ ಗಡಿಯಾರದ ಅಂಗಡಿಗೂ ಗೆಳೆಯನ ಶೂ ರಿಪೇರಿ ಗೂಡಿಗೂ ನಡುವೆ ಒಂದೇ ಹಲಗೆ. ಮೂವತ್ತು ವರ್ಷದಿಂದ ಅವನ ಜಂಬ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಸವೆದ ಅಟ್ಟೆಯನ್ನು ತಿರುಗಿಸಿ ನೋಡಿ, ಯಾರು ಹಿಮ್ಮಡಿ ಊರಿ ಓಡುತ್ತಾರೆ, ಯಾರ ಪಾದ ಒಳಕ್ಕೆ ವಾಲುತ್ತದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳೂ ಆಗುತ್ತಿರಲಿಲ್ಲ, ನನಗೆ ಅದೇ ಹೊಟ್ಟೆಯುರಿ.

ಅಕ್ಕನ ಮಗಳೆಂದರೆ ಅವನಿಗೆ ಪ್ರಾಣ. ಎಂಟುನೂರು ಮೀಟರ್ ಓಡುವ ಹುಡುಗಿ. ತಂಡದ ಆಯ್ಕೆಗೆ ಎರಡೇ ತಿಂಗಳಿತ್ತು. ಹೊಸ ಅಟ್ಟೆ ಹಾಕಲೆಂದು ಅವಳ ಶೂ ಬಿಚ್ಚಿದಾಗ ಎಡಗಾಲಿನದರಲ್ಲಿ ಮಾತ್ರ ಆರು ಮಿಲಿಮೀಟರ್ ದಪ್ಪದ ಮೆತ್ತೆ ಸಿಕ್ಕಿತು. "ಯಾವನೋ ಬೇಕೂಫ ಉಳಿದ ತುಂಡು ತುರುಕಿದ್ದಾನೆ ನೋಡು" ಎಂದು ನನಗೆ ತೋರಿಸಿಯೇ ಕಿತ್ತೆಸೆದ. ಎರಡೂ ಶೂಗಳನ್ನು ಉಜ್ಜಿ ಉಜ್ಜಿ ಸಮ ಮಾಡಿ, ಮೇಜಿನ ಮೇಲಿಟ್ಟು ತಾನೇ ಮೆಚ್ಚಿಕೊಂಡ. ನಾನೂ ಭೇಷ್ ಎಂದೆ. ಹುಡುಗಿಯನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಐದು ವಾರದ ಮೇಲೆ ಅವನ ಅಕ್ಕ ಬಂದು ಸ್ಟೂಲಿನ ಮೇಲೆ ಕುಸಿದಳು. ಹುಡುಗಿಯ ಬಲಗಾಲಿನ ಮೂಳೆಯಲ್ಲಿ ಬಿರುಕು ಬಿಟ್ಟಿತ್ತು.

"ಓಡೋವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತಂತೆ ಕಣೋ. ಇವಳ ಎಡಗಾಲು ಚೂರು ಗಿಡ್ಡ. ಮೈ ವಾಲಿ ಏಟೆಲ್ಲ ಒಂದೇ ಕಾಲಿಗೆ ಬೀಳಬಾರದು ಅಂತಾನೇ ಡಾಕ್ಟ್ರು ಶೂಗೆ ಮೆತ್ತೆ ಹಾಕ್ಸಿದ್ರು. ಅದಿದ್ದೂ ಹೀಗಾಗಿದೆ ಅಂದ್ರೆ ಆ ಕೋಚಮ್ಮ ಹಿಂದುಮುಂದು ನೋಡ್ದೆ ಓಡ್ಸಿದ್ದಾಳೆ. ಸಾಕು, ಇನ್ನು ಅವಳೂ ಬೇಡ, ಓಟಾನೂ ಬೇಡ."

ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅಕ್ಕ ಎದ್ದು ಹೋಗುವವರೆಗೂ ಅವನು ಮೆತ್ತೆ ಕಿತ್ತ ಮಾತೆತ್ತಲಿಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರು ದಿನ ಅವನು ಯಾರ ಶೂವನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ, "ಜೊತೆಗೆ ಬಾರೋ, ಒಬ್ನೇ ಹೋದ್ರೆ ಅರ್ಧ ದಾರೀಲೇ ವಾಪಸ್ ಬರ್ತೀನಿ" ಎಂದ. ಅಕ್ಕನ ಮನೆಗೆ ಹೋದೆವು. ಹುಡುಗಿ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಅಕ್ಕ ಅಲ್ಲೇ ಬಟ್ಟೆ ಮಡಚುತ್ತಿದ್ದಳು.

"ಮೆತ್ತೆ ಕಿತ್ತಿದ್ದು ನಾನು," ಎಂದ ಅವನು. "ಕೋಚ್ ಮೇಡಂದು ತಪ್ಪಿಲ್ಲ."

ಅಕ್ಕನ ಕೈ ಅಲ್ಲೇ ನಿಂತಿತು. ಹುಡುಗಿ ತಲೆಯೆತ್ತಲಿಲ್ಲ.

"ಗೊತ್ತು ಮಾವ. ಮೊದಲನೇ ದಿನ ಹಾಕ್ಕೊಂಡಾಗ್ಲೇ ಏನೋ ಸರಿಯಿಲ್ಲ ಅನ್ನಿಸ್ತು. ಮೇಡಂಗೆ ಹೇಳೋಣ ಅಂತಿದ್ದೆ. ಆಮೇಲೆ, ಮಾವ ಮಾಡಿದ್ದು ತಪ್ಪಾಗಲ್ಲ, ನನ್ನ ಕಾಲೇ ಒಗ್ಗಿಕೊಳ್ಬೇಕು ಅಂತ ಓಡ್ದೆ."