ಕೊಡದೆ ಉಳಿದ ಕವರು

ಮೊನ್ನೆ ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಯಾರೋ ಒಂದು ಖಾಕಿ ಕವರನ್ನು ಕಂಡಕ್ಟರ್ ಕೈಗೆ ಕೊಟ್ಟರು. ಆತ ಅದನ್ನು ಡ್ರೈವರ್ ಮುಂದಿನ ಗಾಜಿಗೆ ಒರಗಿಸಿಟ್ಟ. ಒಳಗಿದ್ದದ್ದು ಯಾವುದೋ ಆಸ್ಪತ್ರೆಯ ರಿಪೋರ್ಟಂತೆ. ನನಗೆ ಮಾತ್ರ ನಮ್ಮ ಪೇಪರ್ ಸಾರ್ ನೆನಪಾದರು...

ತೊಂಬತ್ತರ ದಶಕದಲ್ಲಿ ನಾನು ಕಳಸದ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ಲೆಕ್ಕ ಬರೆಯುವುದು ಹೊಟ್ಟೆಪಾಡು, ವಾಲಿಬಾಲ್ ಪ್ರಾಣ. ಪೇಪರ್ ಸಾರ್ ಪೇಟೆಯಲ್ಲಿ ಛತ್ರಿ, ಚಪ್ಪಲಿ ಮಾರುತ್ತ ಪತ್ರಿಕೆಯೊಂದಕ್ಕೆ ಕ್ರೀಡಾ ಸುದ್ದಿ ಬರೆಯುತ್ತಿದ್ದರು. ಪಂದ್ಯವಿದ್ದ ದಿನ ಅಂಗಡಿಗೆ ಬೀಗ. ಮಳೆಗಾಲದಲ್ಲೂ ಛತ್ರಿ ಮಾರಲಾಗದ ಗಂಡಸು ಎಂದು ಅವರ ಹೆಂಡತಿ ಹಂಗಿಸುತ್ತಿದ್ದರಂತೆ.

ಸುದ್ದಿ ಹೋಗುತ್ತಿದ್ದದ್ದು ಸಂಜೆಯ ಬಸ್ಸಿನಲ್ಲಿ. ಅದು ತಪ್ಪಿದರೆ ಮರುದಿನದ ಪತ್ರಿಕೆಯಲ್ಲಿ ಜಾಗವಿಲ್ಲ. ಹಾಗಾಗಿ ನಮ್ಮ ಕಡೆಯ ವರದಿಗಾರರಲ್ಲಿ ಒಂದು ಪದ್ಧತಿಯಿತ್ತು: ಗೆಲ್ಲುವವರು ಯಾರೆಂದು ಅಂದಾಜಿಸಿ, ಅಂಕಗಳ ಗೊಡವೆಗೆ ಹೋಗದೆ, 'ರೋಚಕ ಪಂದ್ಯ' ಎಂದು ಮೊದಲೇ ಬರೆದಿಡುವುದು. ಅಂದಾಜು ತಪ್ಪುತ್ತಿದ್ದದ್ದು ಕಡಿಮೆ.

ಒಂದು ವರ್ಷ ಅವರ ಪತ್ರಿಕೆ ಕಾಯಂ ಕ್ರೀಡಾ ವರದಿಗಾರರನ್ನು ಹುಡುಕುತ್ತಿತ್ತು. ಜಿಲ್ಲಾ ವಾಲಿಬಾಲ್ ಫೈನಲ್ಲಿನ ಸುದ್ದಿ ಮರುದಿನವೇ ಅಚ್ಚಾದರೆ ಕೆಲಸ ನಿಮ್ಮದೇ ಎಂದು ಮೇಲಿನವರು ಹೇಳಿದ್ದರು. ಫೈನಲ್ ತಲುಪಿದ್ದ ನಮ್ಮ ತಂಡಕ್ಕೆ ಎದುರಾಳಿ ಕುದುರೆಮುಖದ ಗಣಿ ಕಂಪನಿಯ ತಂಡ. ಕಪ್ ಸದಾ ಅವರದೇ. ಸಾರ್ ನಮ್ಮೆದುರೇ 'ಕುದುರೆಮುಖಕ್ಕೆ ಜಯ' ಎಂದು ಬರೆದು ಕವರಿಗೆ ಹಾಕಿಕೊಂಡರು. ನಮಗೇನೂ ಬೇಜಾರಾಗಲಿಲ್ಲ, ನಾವೂ ಹಾಗೇ ಅಂದುಕೊಂಡಿದ್ದೆವು.

ಆದರೆ ಪಂದ್ಯ ಐದನೇ ಸೆಟ್ಟಿಗೆ ಹೋಯಿತು. ಅಂಕ ಸಮ ಸಮ. ಮೈದಾನದ ಪಕ್ಕದ ರಸ್ತೆಯಲ್ಲಿ ಬಸ್ಸು ನಿಂತು ಹಾರ್ನ್ ಹೊಡೆಯತೊಡಗಿತು. ಫೋನ್ ಮಾಡಿ ಸುದ್ದಿ ಕೊಡೋಣವೆಂದರೆ ಊರಿನ ಫೋನುಗಳೆಲ್ಲ ಆ ವಾರವಿಡೀ ಸತ್ತಿದ್ದವು. ಕಂಡಕ್ಟರ್ ಇಳಿದು ಬಂದ.

"ಕವರ್ ಕೊಡಿ ಮಾರಾಯ್ರೆ, ಹೊತ್ತಾಯ್ತು."

"ಇನ್ನೂ ಯಾರೂ ಗೆದ್ದಿಲ್ಲ ಮಾರಾಯ. ಏನಂತ ಕೊಡ್ಲಿ? ನೀ ಹೊರಡು."

ಸರ್ವ್ ಮಾಡಲು ಗೆರೆಯ ಹಿಂದೆ ನಿಂತಿದ್ದ ನನಗೆ ಅದು ಕೇಳಿಸಿತು. ಬಸ್ಸು ಹೊರಟುಹೋಯಿತು. ಇಷ್ಟಾದ ಮೇಲೆ ನಾವು ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಕೊನೆಯ ಸ್ಮ್ಯಾಶ್ ನನ್ನದೇ, ನೆಟ್ಟಿಗೆ ಹೊಡೆದೆ.

ಆಟ ಮುಗಿದ ಮೇಲೆ ತಲೆ ತಗ್ಗಿಸಿಕೊಂಡು ಅವರ ಹತ್ತಿರ ಹೋದೆ. ಕವರು ಇನ್ನೂ ಜೇಬಿನಲ್ಲಿತ್ತು.

"ಕೊಟ್ಟಿದ್ರೆ ಸರೀನೇ ಆಗ್ತಿತ್ತಲ್ಲ ಸಾರ್" ಎಂದೆ.

"ಆಗ್ತಿತ್ತು. ಆದ್ರೆ ನೀವು ಆಡ್ತಾ ಇರುವಾಗ, ಸೋತ್ರು ಅಂತ ಹೆಂಗೆ ಕಳ್ಸ್ಲಿ ಮಾರಾಯ?"

ಕೆಲಸ ಬೇರೆಯವರಿಗೆ ಹೋಯಿತು. ಸಾರ್ ಅದನ್ನು ನಗುನಗುತ್ತ ಸಹಿಸಿದರು ಎಂದರೆ ಸುಳ್ಳಾಗುತ್ತದೆ. ಆ ಮಳೆಗಾಲವಿಡೀ ಮಂಕಾಗಿದ್ದರು. ಮುಂದೆಯೂ ಬರೆದರು. ಗಣಿ ನಿಂತು ಕುದುರೆಮುಖದ ತಂಡ ಚದುರಿಹೋದಾಗ ಆ ಸುದ್ದಿಯನ್ನೂ ಅವರೇ ಬರೆದರು. ಆದರೆ ಆ ಫೈನಲ್ ನಂತರ, ಪಂದ್ಯ ಮುಗಿಯುವ ಮೊದಲು ಅವರು ಪೆನ್ನಿನ ಕ್ಯಾಪ್ ತೆಗೆದದ್ದನ್ನು ನಾನು ನೋಡಿಲ್ಲ. ಎಷ್ಟೋ ವರದಿಗಳು ಬಸ್ಸು ತಪ್ಪಿ ಹಳಸಿಹೋದವು...

ಅವರು ತೀರಿಕೊಂಡಾಗ ಅದೇ ಪತ್ರಿಕೆ 'ವರ್ತಕ, ಕ್ರೀಡಾಪ್ರೇಮಿ ನಿಧನ' ಎಂದು ಮೂಲೆಯಲ್ಲಿ ಹಾಕಿತು. ವರದಿಗಾರ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮೊನ್ನೆ ಬಸ್ಸು ಹೊರಟಿತು, ಗಾಜಿಗೊರಗಿದ ಕವರೂ ಹೊರಟಿತು. ನಾನು ಅಲ್ಲೇ ನಿಂತು, ನಮ್ಮ ಸೋಲನ್ನು ಒಂದು ಗಳಿಗೆಯೂ ಮುಂಚೆ ಕಳಿಸಲೊಪ್ಪದ ಆ ವರದಿಗಾರರನ್ನು ನೆನೆದೆ.