ದೆಹಲಿ ತೀರ್ಪಿಗೆ ಹೋದ ಕೋವಿ

ಕೊಡಗು ಬೇರೆ ರಾಜ್ಯವಾಗಿದ್ದ ಕಾಲ. ಕಕ್ಕಬೆಗೆ ಪೇಪರ್ ಬರುತ್ತಿದ್ದದ್ದು ವಿರಾಜಪೇಟೆ ಬಸ್ಸಿನಲ್ಲಿ, ಒಂದು ದಿನ ಹಳತಾಗಿ. ನನ್ನ ಗಂಡನ ಅಣ್ಣ, ನಾನು ಬಾವ ಅನ್ನುತ್ತಿದ್ದವರು, ಅದನ್ನು ಅಂಗಡಿ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ನಾಟಿ ಕೆಲಸ ನಿಂತರೂ ಓದು ನಿಲ್ಲುತ್ತಿರಲಿಲ್ಲ. ಕೋರ್ಟಿನ ಸುದ್ದಿ ಬಂದರಂತೂ ತಾವೇ ಜಡ್ಜಿ. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಆ ಮನುಷ್ಯ ಓದುವುದು ದಪ್ಪ ಅಕ್ಷರ ಮಾತ್ರ ಎಂದು ನನಗೆ ಗೊತ್ತಿತ್ತು.

ಒಂದು ಸಂಜೆ ಬಂದವರೇ ಗೋಡೆಯ ಕೋವಿ ಇಳಿಸಿದರು. ದೆಹಲಿಯ ದೊಡ್ಡ ಕೋರ್ಟು ತೀರ್ಪು ಕೊಟ್ಟಿದೆಯಂತೆ, ಇನ್ನು ಯಾರಿಗೂ ವಿಶೇಷ ಹಕ್ಕು ಇಲ್ಲವಂತೆ. ನಮ್ಮದು ಜಮ್ಮಾ ಭೂಮಿ, ರಾಜರ ಕಾಲದಿಂದ ವಂಶಕ್ಕೆ ಬಂದದ್ದು. ಅಂಥವರ ಮನೆಯ ಕೋವಿಗೆ ಲೈಸೆನ್ಸ್ ಬೇಕಿರಲಿಲ್ಲ. ಅದೂ ಹೋಯಿತು ಅಂದರು.

"ಪೇಪರಿನಲ್ಲಿ ಕೊಡಗು ಅಂತ ಇತ್ತಾ ಬಾವ?"

"ನಿನಗೆ ಎಂತ ಗೊತ್ತಾಗ್ತದೆ? ಪೊಲೀಸರು ಬಂದು ಕೋಳ ಹಾಕುವ ಮೊದಲು ನಾವೇ ಕೊಟ್ಟು ಬರುವುದು ಮರ್ಯಾದೆ."

ಮಾವ ಒಳಗೆ ಹಾಸಿಗೆ ಹಿಡಿದಿದ್ದರು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಜೋಡಿ ಗುಂಡು. ಆ ಸದ್ದು ಕೇಳಿಯೇ ಊರವರು ಕೈಯ ಕೆಲಸ ಬಿಟ್ಟು ಬರುವುದು. "ನನಗೆ ಎರಡು ಹೊಡೆದ ಮೇಲೆ ಕೊಟ್ಟು ಬಾರೋ," ಅಂದರು ಮಗನಿಗೆ. ಮಗ ಕಿವಿ ಕೇಳದವರ ಹಾಗೆ ಮೆಟ್ಟಿಲಿಳಿದರು.

ಠಾಣೆಯವರು ಬೇಡ ಅನ್ನಲಿಲ್ಲ, ಒಳಗಿಟ್ಟುಕೊಂಡರು. ಊರಲ್ಲಿ ಬೇರೆ ಒಂದು ಮನೆಯವರೂ ಕೊಡಲಿಲ್ಲ, ಯಾರನ್ನೂ ಯಾರೂ ಹಿಡಿಯಲಿಲ್ಲ. ಮಾವ ದಿನಾ ಗೋಡೆ ನೋಡುತ್ತಿದ್ದರು. ವಾಪಸು ತನ್ನಿ ಅಂದರೆ ಬಾವ, ಇನ್ನೊಂದು ತೀರ್ಪು ಬರಲಿ ಅನ್ನುತ್ತಿದ್ದರು. ನನ್ನ ಗಂಡ ಮಿಲಿಟರಿಯಲ್ಲಿ, ಎಲ್ಲೋ ದೂರ. ಕೇಳುವವರಿಲ್ಲ.

ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ, ಮಾವ ಹೋದರು. ತೋಡಿನ ಆಚೆಯ ಮನೆಯವರಿಗೂ ನಮಗೂ ಗದ್ದೆ ನೀರಿನ ಜಗಳ, ಮಾತಿಲ್ಲ. ಆದರೂ ಹತ್ತಿರದಲ್ಲಿ ಕೋವಿ ಇದ್ದದ್ದು ಅಲ್ಲೇ, ಹೋದೆ.

"ನಿಮ್ಮ ಕೋವಿ ಎಲ್ಲಿ?" ಅಂದ ಆ ಮನೆಯ ಯಜಮಾನ.

"ಠಾಣೆಯಲ್ಲಿ."

"ಹಾಗಾದರೆ ದೆಹಲಿಗೆ ತಂತಿ ಕೊಡಿ. ಅವರೇ ಬಂದು ಹೊಡೀತಾರೆ."

ಹೀಗೆ ಅನ್ನುತ್ತಲೇ ಕೋವಿ ಹೆಗಲಿಗೇರಿಸಿ ನನ್ನ ಹಿಂದೆ ಬಂದ. ನಮ್ಮ ಅಂಗಳದ ಬಾಯಲ್ಲಿ ಬಾವ ಅಡ್ಡ ನಿಂತರು.

"ಲೈಸೆನ್ಸ್ ಇಲ್ಲದ ಕೋವಿ ಒಳಗೆ ತರಬೇಡ. ನಾಳೆ ಕೇಸಾದರೆ ನನ್ನ ಹೆಸರು ಬರುವುದು."

ಹೆತ್ತ ಅಪ್ಪನ ಹೆಣ ಒಳಗಿದೆ, ಇವರಿಗೆ ಕೇಸಿನ ಚಿಂತೆ. ಆಚೆಯವನು ಎಲೆಅಡಿಕೆ ಉಗಿದ. "ನನ್ನ ಅಂಗಳ ನನ್ನದಲ್ಲವಾ?" ಅಂದು ತಿರುಗಿ ಹೋಗಿ ಅಲ್ಲಿಂದಲೇ ಎರಡು ಗುಂಡು ಹಾರಿಸಿದ.

ಸದ್ದು ಬಂದ ಕಡೆಗೆ ಊರೆಲ್ಲ ಓಡಿತು. ಆ ಮನೆಯ ಮುದುಕಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳಂತೆ. ಗಂಡಸರು ತಲೆವಸ್ತ್ರ ತೆಗೆದು ಮುಖ ಸಣ್ಣ ಮಾಡಿ ಬಂದದ್ದು ನೋಡಿ, "ಸತ್ತದ್ದು ಯಾರು, ನಾನಾ?" ಅಂದಳಂತೆ. ಬೈಸಿಕೊಂಡು ಎಲ್ಲರೂ ತೋಡು ದಾಟಿ ನಮ್ಮಲ್ಲಿಗೆ ಬಂದರು. ಕೆಲವರು ಇನ್ನೂ ನಗು ತಡೆದುಕೊಂಡಿದ್ದರು. ಸಾವಿನ ಮನೆಗೆ ನಗು ತಂದದ್ದು ಬಾವನ ಪೇಪರ್.

ಕುಟುಂಬದ ಹಿರಿಯರು ಎಲ್ಲರ ಎದುರು ಕೇಳಿದರು, "ಆ ದೆಹಲಿ ತೀರ್ಪು ಕೋವಿಯ ಕೇಸಾ?"

ಬಾವ ನೆಲ ನೋಡಿದರು. "ಅಲ್ಲ. ಆಮೇಲೆ ಪೂರ್ತಿ ಓದಿದೆ. ಮದ್ರಾಸು ಕಡೆ ಜಾತಿ ನೋಡಿ ಕಾಲೇಜಿಗೆ ಮಕ್ಕಳನ್ನು ಸೇರಿಸುವ ಕೇಸು."

"ಕಾಲೇಜಿಗೂ ನಿನ್ನ ಅಪ್ಪನ ಸಾವಿಗೂ ಎಂತ ಸಂಬಂಧ?"

ಬಾವ ಹೆಣದ ತಲೆಯ ಹತ್ತಿರ ಕೂತು ಅಳಲಿಕ್ಕೆ ಶುರು ಮಾಡಿದರು. ಅಳುವವರಿಗೆ ನೀರು ಕೊಡುವುದು ಸೊಸೆಯ ಕೆಲಸ. ಚೊಂಬು ಹಿಡಿದು ಎಲ್ಲರಿಗೂ ಕೊಟ್ಟೆ, ಅವರೊಬ್ಬರನ್ನು ಬಿಟ್ಟು.